ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ: ರೋಗನಿರೋಧಕ ವ್ಯವಸ್ಥೆಯ ವಾದ ಎಷ್ಟರ ಮಟ್ಟಿಗೆ ನಿಲ್ಲುತ್ತದೆ?

ಹರಿಹರದ ತಂದೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ ಐದು ವರ್ಷ. ಮೂರನೆಯ ವರ್ಷದಲ್ಲಿ ಆಟಿಸಂ ಇದೆಯೆಂದು ಗೊತ್ತಾಯಿತು. ದಾವಣಗೆರೆಯಲ್ಲಿ ಸ್ಪೀಚ್ ಥೆರಪಿ ಮತ್ತು ಓಟಿ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸಗಳ ತರಬೇತಿ) ನಡೆಯುತ್ತಿವೆ. ಬೇಕಾದ ವಸ್ತುವಿನ ಬಳಿಗೆ ನಮ್ಮ ಕೈಹಿಡಿದು ಎಳೆದೊಯ್ಯುತ್ತಿದ್ದವನು ಈಗ ಎರಡು ಪದ ಜೋಡಿಸಿ ಕೇಳುತ್ತಾನೆ.

ಇತ್ತೀಚೆಗೆ ಬೇರೆ ರಾಜ್ಯದ ಕ್ಲಿನಿಕ್ ಒಂದರವರು ನಮ್ಮ ಭಾಗದಲ್ಲಿ ಉಚಿತ ಶಿಬಿರ ನಡೆಸಿದರು. ರೋಗನಿರೋಧಕ ವ್ಯವಸ್ಥೆಯ ಏರುಪೇರಿನಿಂದ ಮೆದುಳಿನಲ್ಲಿ ಉರಿಯೂತ ಉಂಟಾಗುವುದೇ ಆಟಿಸಂನ ಮೂಲವೆಂದೂ, ಮಗುವಿನ ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ತೆಗೆದು ಬೆನ್ನುಹುರಿಯ ದ್ರವಕ್ಕೆ ಚುಚ್ಚಿದರೆ ಆ ಉರಿಯೂತ ಶಮನವಾಗುತ್ತದೆಂದೂ, ತನ್ನದೇ ಕೋಶಗಳಾದ್ದರಿಂದ ಅಡ್ಡಪರಿಣಾಮದ ಭಯವಿಲ್ಲವೆಂದೂ ಅವರು ವಿವರಿಸಿದರು. ವಯಸ್ಸು ಏರಿದಷ್ಟೂ ಫಲ ಕಡಿಮೆ ಎಂದು ಬೇಗ ನಿರ್ಧರಿಸಲು ಹೇಳಿದ್ದಾರೆ. ಖರ್ಚು ಹಲವು ಲಕ್ಷ. ನಮ್ಮ ತಂದೆಯವರು ಗದ್ದೆಯನ್ನು ಅಡವಿಡಲು ಸಿದ್ಧರಾಗಿದ್ದಾರೆ.

ಅವರು ಕೊಟ್ಟ ಸಂಶೋಧನಾ ಲೇಖನಗಳ ಪ್ರತಿಗಳನ್ನು ಓದಿಸಿ ನೋಡಿದೆ. ಅವು ಕಟ್ಟುಕತೆಯಲ್ಲ, ದೊಡ್ಡ ವಿಶ್ವವಿದ್ಯಾಲಯಗಳಿಂದ ಬಂದವು. ಆದ್ದರಿಂದ ಅವರು ಮೋಸಗಾರರೇ ಅಲ್ಲವೇ ಎಂಬುದನ್ನು ನಾನು ಕೇಳುತ್ತಿಲ್ಲ. ರೋಗನಿರೋಧಕ ವ್ಯವಸ್ಥೆಯ ಬಗ್ಗೆ ಅವರು ಹೇಳಿದ್ದು ನಿಜವೇ? ನಿಜವಾದರೆ ಚಿಕಿತ್ಸೆಯೂ ಸರಿಯೆಂದು ಒಪ್ಪಲು ಅಡ್ಡಿಯೇನು? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಪ್ರತಿಕಾಯ, ಬೆಂಗಳೂರು

ಹರಿಹರದ ತಂದೆಯವರೇ, ನಾನು ರೋಗನಿರೋಧಕ ಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ವೈದ್ಯೆಯಲ್ಲ. ನೀವು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿರುವುದು ಬಹಳ ಸರಿಯಾಗಿದೆ, ಏಕೆಂದರೆ ಶಿಬಿರಗಳಲ್ಲಿ ಮೊದಲನೆಯದಕ್ಕೆ ಸಿಗುವ "ಹೌದು" ಎಂಬ ಉತ್ತರವನ್ನೇ ಎರಡನೆಯದಕ್ಕೂ ಬಳಸಿಕೊಳ್ಳುತ್ತಾರೆ.

ಆಟಿಸಂಗೂ ರೋಗನಿರೋಧಕ ವ್ಯವಸ್ಥೆಗೂ ಸಂಬಂಧವಿದೆ ಎನ್ನಲು ನಿಜವಾದ ಆಧಾರಗಳಿವೆ. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಎಂಬ ವೈರಸ್ ಸೋಂಕು ಹರಡಿದಾಗ ಗರ್ಭದಲ್ಲೇ ಸೋಂಕಿಗೆ ಒಳಗಾದ 243 ಮಕ್ಕಳನ್ನು ನ್ಯೂಯಾರ್ಕಿನ ಮನೋವೈದ್ಯೆ ಸ್ಟೆಲ್ಲಾ ಚೆಸ್ ಪರೀಕ್ಷಿಸಿದರು. ಅವರಲ್ಲಿ 18 ಮಕ್ಕಳಿಗೆ ಪೂರ್ಣವಾಗಿ ಇಲ್ಲವೇ ಭಾಗಶಃ ಆಟಿಸಂ ಲಕ್ಷಣಗಳಿದ್ದುದನ್ನು 1971ರಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ಆಟಿಸಂ ಅತಿ ವಿರಳವೆಂದು ಎಣಿಸಲಾಗುತ್ತಿತ್ತು. ಡೆನ್ಮಾರ್ಕಿನ ಜನನ ದಾಖಲೆಗಳನ್ನು ಆಧರಿಸಿದ 2010ರ ಅಧ್ಯಯನವು, ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿ ತಾಯಿ ವೈರಸ್ ಸೋಂಕಿನಿಂದ ಆಸ್ಪತ್ರೆಗೆ ದಾಖಲಾಗಿದ್ದರೆ ಮಗುವಿಗೆ ಆಟಿಸಂ ಬರುವ ಸಾಧ್ಯತೆ ಹೆಚ್ಚುತ್ತದೆಂದು ತೋರಿಸಿತು. ಅಂಥ ಬಹುಪಾಲು ತಾಯಂದಿರ ಮಕ್ಕಳಿಗೆ ಆಟಿಸಂ ಬರಲಿಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಂಡ 2005ರಲ್ಲಿ ಆಟಿಸಂ ಇದ್ದ 11 ಮೃತ ವ್ಯಕ್ತಿಗಳ ಮೆದುಳನ್ನು ಪರಿಶೀಲಿಸಿ, ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳು ಉದ್ರಿಕ್ತ ಸ್ಥಿತಿಯಲ್ಲಿದ್ದವೆಂದು ವರದಿ ಮಾಡಿತು. ಕ್ಲಿನಿಕ್‌ನವರು ಕೊಟ್ಟ ಕಟ್ಟಿನಲ್ಲಿ ಬಹುಶಃ ಈ ಲೇಖನ ಇದ್ದೇ ಇರುತ್ತದೆ.

ಇನ್ನು ಈ ಆಧಾರಗಳು ಯಾವ ಕಾಲವನ್ನು ಕುರಿತವು ಎಂಬುದನ್ನು ಗಮನಿಸಿ. ರುಬೆಲ್ಲಾ, ಡೆನ್ಮಾರ್ಕಿನ ದಾಖಲೆ, ಗರ್ಭಿಣಿ ಇಲಿಗಳ ಮೇಲಿನ ಪ್ರಯೋಗಗಳು, ಇವೆಲ್ಲವೂ ಗರ್ಭಾವಸ್ಥೆಯನ್ನು ಕುರಿತವು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗರ್ಭಿಣಿ ಇಲಿಯ ದೇಹದಲ್ಲಿ ಇಂಟರ್‌ಲ್ಯೂಕಿನ್ 17ಎ ಎಂಬ ಸಂದೇಶವಾಹಕವನ್ನು ತಡೆದಾಗ ಮರಿಗಳ ವರ್ತನೆ ಕೆಡಲಿಲ್ಲ. ತಡೆದದ್ದು ತಾಯಿಯಲ್ಲಿ, ಮರಿಗಳು ಹುಟ್ಟುವ ಮೊದಲು. ಐದು ವರ್ಷದ ಮಗುವಿನ ಮೆದುಳಿನಲ್ಲಿ ಅಂದಿನ ಬೆಳವಣಿಗೆ ಎಂದೋ ಮುಗಿದುಹೋಗಿರುತ್ತದೆ.

ಅದೇ ಅಣುವಿನ ಮುಂದಿನ ಕತೆ ಇನ್ನೂ ಸೋಜಿಗದ್ದು. ಜ್ವರ ಬಂದಾಗ ಮಗು ಕಣ್ಣಿಗೆ ಕಣ್ಣು ಕೊಟ್ಟು ನೋಡಿತು, ಹೆಚ್ಚು ಮಾತಾಡಿತು ಎಂದು ಎಷ್ಟೋ ತಾಯಂದಿರು ಹೇಳುತ್ತಾರೆ. 2007ರಲ್ಲಿ ಜ್ವರದಲ್ಲಿದ್ದ 30 ಮಕ್ಕಳನ್ನು ಗಮನಿಸಿದ ಅಮೆರಿಕದ ಅಧ್ಯಯನವೂ ಅದನ್ನು ದಾಖಲಿಸಿತು. 2020ರಲ್ಲಿ ಇಲಿಗಳ ಮೇಲೆ ನಡೆದ ಕೆಲಸವು, ಗರ್ಭದಲ್ಲಿ ಕೇಡು ಮಾಡಿದ ಇಂಟರ್‌ಲ್ಯೂಕಿನ್ 17ಎ ಬೆಳೆದ ಇಲಿಯಲ್ಲಿ ಉರಿಯೂತದ ಸಮಯದಲ್ಲಿ ಬಿಡುಗಡೆಯಾದಾಗ ಸಾಮಾಜಿಕ ವರ್ತನೆಯನ್ನು ತಾತ್ಕಾಲಿಕವಾಗಿ ಸುಧಾರಿಸಿತೆಂದು ತೋರಿಸಿತು. ಹೀಗಿರುವಾಗ "ಉರಿಯೂತ ತಗ್ಗಿಸಿದರೆ ಆಟಿಸಂ ತಗ್ಗುತ್ತದೆ" ಎಂಬ ಸರಳ ಸೂತ್ರ ಎಲ್ಲಿ ಉಳಿಯಿತು?

ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ. ಮಗುವಿನ ರೋಗನಿರೋಧಕ ವ್ಯವಸ್ಥೆಯೇ ಏರುಪೇರಾಗಿದೆ ಎನ್ನುವವರು, ಆ ವ್ಯವಸ್ಥೆಯ ಕೋಶಗಳು ಹುಟ್ಟುವ ಅಸ್ಥಿಮಜ್ಜೆಯಿಂದಲೇ (ಮೂಳೆಯೊಳಗಿನ ಮೃದು ಭಾಗ) ಕೋಶಗಳನ್ನು ತೆಗೆದು ಅದೇ ಮಗುವಿಗೆ ಮರಳಿ ಕೊಡುತ್ತಾರೆ. ಕೆಟ್ಟಿರುವುದು ಅದೇ ಆದರೆ, ಅದರಿಂದ ತೆಗೆದ ಕೋಶಗಳು ಸರಿಪಡಿಸುವುದು ಹೇಗೆ? ಈ ಪ್ರಶ್ನೆಯನ್ನು ನೀವು ಅವರನ್ನೇ ಕೇಳಬೇಕು. ಅಲ್ಲದೆ ಅಸ್ಥಿಮಜ್ಜೆಯಿಂದ ಬೇರ್ಪಡಿಸಿ ಚುಚ್ಚುವ ಕೋಶಗಳಲ್ಲಿ ಬಹುಪಾಲು ಸಾಮಾನ್ಯ ರಕ್ತಕೋಶಗಳೇ. ಉರಿಯೂತ ಶಮನ ಮಾಡುತ್ತವೆಂದು ಹೇಳಲಾಗುವ ಮೀಸೆನ್‌ಕೈಮಲ್ ಕೋಶಗಳು ಅವುಗಳಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಇನ್ನು ಕೆಲವು ಕಡೆ ಪ್ರಯೋಗಾಲಯದಲ್ಲಿ ಬೆಳೆಸಿದ ಮೀಸೆನ್‌ಕೈಮಲ್ ಕೋಶಗಳನ್ನು ರಕ್ತನಾಳಕ್ಕೆ ಕೊಡುತ್ತಾರೆ; ಅವುಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲೇ ಸಿಕ್ಕಿಕೊಂಡು ಸ್ವಲ್ಪ ಕಾಲದಲ್ಲಿ ನಾಶವಾಗುತ್ತವೆ.

ಅಸ್ಥಿಮಜ್ಜೆ ಬದಲಿಸಿದಾಗ ಇಲಿಗಳ ವರ್ತನೆ ಸುಧಾರಿಸಿತೆಂಬ 2012ರ ಲೇಖನವನ್ನೂ ಅವರು ತೋರಿಸಿರಬಹುದು. ಅದು ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಪಾಲ್ ಪ್ಯಾಟರ್ಸನ್ ಅವರ ತಂಡದ ಶ್ರದ್ಧೆಯ ಕೆಲಸ. ಆದರೆ ಅಲ್ಲಿ ಇಲಿಗಳನ್ನು ಮೊದಲು ವಿಕಿರಣಕ್ಕೆ ಒಡ್ಡಿ, ಹಳೆಯ ಮಜ್ಜೆಯನ್ನು ನಾಶ ಮಾಡಿ, ಅನಂತರ ಹೊಸದನ್ನು ಕೊಡಲಾಗಿತ್ತು. ಯಾವ ಕ್ಲಿನಿಕ್ಕೂ ಆಟಿಸಂಗಾಗಿ ಮಗುವಿಗೆ ಹಾಗೆ ಮಾಡುವುದಿಲ್ಲ, ಮಾಡಲೂಬಾರದು. ಆ ಲೇಖನವನ್ನು ತೋರಿಸಿ ಈ ಚುಚ್ಚುಮದ್ದನ್ನು ಕೊಡುವುದು ಒಂದು ಬೆಳೆಯ ಇಳುವರಿ ತೋರಿಸಿ ಬೇರೆ ಬೆಳೆಯ ಬೀಜ ಮಾರಿದಂತಾಗುತ್ತದೆ.

ಸಾಗರದ ಅಮ್ಮ

ಪ್ರತಿಕಾಯ ಮೇಡಂ ಅವರ ವಿವರಣೆಗೆ ಗೌರವವಿದೆ. ಆದರೂ ಈ ಚಿಕಿತ್ಸೆಯನ್ನು ಮಗಳಿಗೆ ಮಾಡಿಸಿದ ತಾಯಿಯಾಗಿ ನಾನು ಮಾತನಾಡಲೇಬೇಕು. ಚಿಕಿತ್ಸೆಯಾದ ಕೆಲವು ತಿಂಗಳಲ್ಲಿ ಅವಳ ನಿದ್ದೆ ಸುಧಾರಿಸಿತು, ಹೆಸರು ಹಿಡಿದು ಕರೆದರೆ ತಿರುಗಿ ನೋಡತೊಡಗಿದಳು, ಜಾತ್ರೆಯ ಗದ್ದಲದಲ್ಲಿ ಕಿವಿ ಮುಚ್ಚಿಕೊಳ್ಳುವುದು ಕಡಿಮೆಯಾಯಿತು. ಇದನ್ನು ನಾನು ಕಲ್ಪಿಸಿಕೊಂಡೆನೆಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಪ್ರತಿದಿನ ಅವಳ ಜೊತೆ ಇದ್ದವಳು ನಾನು.

ಚಿಕಿತ್ಸೆಯ ಜೊತೆಗೆ ಅವರೇ ಕಡ್ಡಾಯವೆಂದು ಹೇಳಿದ ತೀವ್ರ ಥೆರಪಿಯನ್ನೂ ಮನೆಯಲ್ಲಿ ಮಾಡಿಸಿದೆವು ಎಂಬುದನ್ನು ಪ್ರಾಮಾಣಿಕವಾಗಿ ಸೇರಿಸುತ್ತೇನೆ. ಚುಚ್ಚಿದ ಮೇಲೆ ಎರಡು ಮೂರು ದಿನ ವಾಂತಿ ಮತ್ತು ತಲೆನೋವು ಇತ್ತು. ಪ್ರಯೋಗಾಲಯದಲ್ಲಿ ಕುಳಿತವರಿಗೆ ನಮ್ಮ ಮನೆಗಳ ಅನುಭವಕ್ಕೆ ಬೆಲೆಯಿಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ.

ವಾಕ್ಪಥ, ಮೈಸೂರು

ಸಾಗರದ ಅಮ್ಮನವರೇ, ನಾನು ವಾಕ್ ಮತ್ತು ಭಾಷಾ ಚಿಕಿತ್ಸಕಿ. ನಿಮ್ಮ ಮಗಳಲ್ಲಿ ನೀವು ಕಂಡ ಬದಲಾವಣೆ ನಿಜವೆಂದು ನಾನು ನಂಬುತ್ತೇನೆ. ಆ ಬದಲಾವಣೆಗೆ ಕಾರಣ ಯಾವುದು ಎಂಬುದು ಬೇರೆ ಪ್ರಶ್ನೆ, ಮತ್ತು ಅದಕ್ಕೆ ಒಂದು ಮನೆಯೊಳಗಿನಿಂದ, ಎಷ್ಟೇ ಕಣ್ಣಿಟ್ಟು ನೋಡಿದರೂ, ಉತ್ತರ ಸಿಗುವುದಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೋಆನ್ ಕರ್ಟ್ಸ್‌ಬರ್ಗ್ ಮತ್ತು ಜೆರಾಲ್ಡೀನ್ ಡಾಸನ್ ಅವರ ತಂಡ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಹೊಕ್ಕುಳಬಳ್ಳಿಯ ರಕ್ತದಲ್ಲಿರುವ ಕೆಲವು ಕೋಶಗಳು ಮೆದುಳಿನ ಉರಿಯೂತವನ್ನು ಶಮನ ಮಾಡಬಹುದೆಂಬುದು ಅವರ ಊಹೆಯಾಗಿತ್ತು. ಎಂದರೆ ರೋಗನಿರೋಧಕ ವ್ಯವಸ್ಥೆಯ ವಾದವೇ. 2017ರಲ್ಲಿ ಪ್ರಕಟವಾದ ಮೊದಲ ಹಂತದಲ್ಲಿ 25 ಮಕ್ಕಳಿಗೆ ಅವರವರದೇ ಹೊಕ್ಕುಳಬಳ್ಳಿಯ ರಕ್ತವನ್ನು ಕೊಡಲಾಯಿತು. ಮೊದಲ ಆರು ತಿಂಗಳಲ್ಲಿ ಮಕ್ಕಳು ಸುಧಾರಿಸಿದರು. ಪತ್ರಿಕೆಗಳು ಅದನ್ನು ದೊಡ್ಡದಾಗಿ ಬರೆದವು. ಆದರೆ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಆಮೇಲೆ ಎರಡರಿಂದ ಏಳು ವರ್ಷದ 180 ಮಕ್ಕಳನ್ನು ಚೀಟಿ ಎತ್ತಿದ ಕ್ರಮದಲ್ಲಿ ವಿಂಗಡಿಸಿ, ಕೆಲವರಿಗೆ ಸ್ವಂತ ಹೊಕ್ಕುಳಬಳ್ಳಿ ರಕ್ತ, ಕೆಲವರಿಗೆ ದಾನಿಯದು, ಇನ್ನು ಕೆಲವರಿಗೆ ಕೋಶಗಳೇ ಇಲ್ಲದ ಪ್ಲಸೀಬೊ ಕೊಟ್ಟರು. ಯಾರಿಗೆ ಏನು ಸಿಕ್ಕಿತೆಂಬುದು ಪೋಷಕರಿಗೂ ತಿಳಿದಿರಲಿಲ್ಲ, ಅಳೆದವರಿಗೂ ತಿಳಿದಿರಲಿಲ್ಲ. 2020ರಲ್ಲಿ ಫಲಿತಾಂಶ ಬಂದಾಗ, ಮುಖ್ಯ ಅಳತೆಯಾಗಿದ್ದ ಸಾಮಾಜಿಕ ಸಂವಹನದಲ್ಲಿ ಗುಂಪುಗಳ ನಡುವೆ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ 29 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗವೂ ಇದೇ ಉತ್ತರ ಕೊಟ್ಟಿತ್ತು.

ನಮ್ಮ ದೇಶದಲ್ಲಿ ಹೆಚ್ಚಾಗಿ ತೋರಿಸಲಾಗುವ ಲೇಖನ 2013ರದು. ಮುಂಬೈನ ತಂಡವೊಂದು 32 ಮಂದಿಗೆ ಅಸ್ಥಿಮಜ್ಜೆಯ ಕೋಶಗಳನ್ನು ಬೆನ್ನುಹುರಿಯ ದ್ರವಕ್ಕೆ ಕೊಟ್ಟು, ಸರಾಸರಿ ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಗಮನಿಸಿ, ಅಂಕಗಳು ಸುಧಾರಿಸಿದವೆಂದು ಬರೆಯಿತು. ಅಲ್ಲಿಯೂ ಹೋಲಿಕೆಯ ಗುಂಪಿರಲಿಲ್ಲ, ಜೊತೆಯಲ್ಲಿ ಥೆರಪಿ ನಡೆದಿತ್ತು, ಮಕ್ಕಳ ವಯಸ್ಸೂ ಒಂದು ವರ್ಷ ಬೆಳೆದಿತ್ತು. ಮೂವರಲ್ಲಿ ಫಿಟ್ಸ್ ಕಾಣಿಸಿಕೊಂಡು ಔಷಧದಿಂದ ಹತೋಟಿಗೆ ಬಂದಿತೆಂದು ಅದೇ ಲೇಖನ ದಾಖಲಿಸಿದೆ. ಅಡ್ಡಪರಿಣಾಮದ ಭಯವೇ ಇಲ್ಲವೆಂದು ಹೇಳುವವರು ಆ ಸಾಲನ್ನು ಓದಿ ಹೇಳಬೇಕು.

ಹೋಲಿಕೆಯ ಗುಂಪು ಏಕೆ ಇಷ್ಟು ಮುಖ್ಯ ಎಂಬುದಕ್ಕೆ ಸೀಕ್ರೆಟಿನ್ ಎಂಬ ಹಾರ್ಮೋನಿನ ಉದಾಹರಣೆ ಸಾಕು. 1998ರಲ್ಲಿ ಮೂರು ಮಕ್ಕಳು ಅದರಿಂದ ಸುಧಾರಿಸಿದರೆಂಬ ವರದಿ ಬಂದೊಡನೆ ಅಮೆರಿಕದಲ್ಲಿ ಸಾವಿರಾರು ಪೋಷಕರು ಅದಕ್ಕಾಗಿ ಮುಗಿಬಿದ್ದರು. 1999ರಲ್ಲಿ ನಡೆದ ಪರೀಕ್ಷೆಯಲ್ಲಿ ಸೀಕ್ರೆಟಿನ್ ಪಡೆದ ಮಕ್ಕಳೂ ಸುಧಾರಿಸಿದರು, ಬರಿಯ ಉಪ್ಪುನೀರಿನ ಚುಚ್ಚುಮದ್ದು ಪಡೆದ ಮಕ್ಕಳೂ ಸುಧಾರಿಸಿದರು. ಅದರಿಂದ ಪ್ರಯೋಜನವಿಲ್ಲವೆಂದು ತಿಳಿಸಿದ ಮೇಲೂ ಶೇಕಡಾ 69ರಷ್ಟು ಪೋಷಕರು ಆ ಚಿಕಿತ್ಸೆಯಲ್ಲಿ ಆಸಕ್ತಿ ಬಿಡಲಿಲ್ಲ. ಆ ಪೋಷಕರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಕ್ಕಳು ನಿಜವಾಗಿಯೂ ಬೆಳೆಯುತ್ತಿದ್ದರು. ನಿಮ್ಮ ಮಗಳ ಬೆಳವಣಿಗೆಯಲ್ಲಿ ನೀವು ಮನೆಯಲ್ಲಿ ಮಾಡಿಸಿದ ತೀವ್ರ ಥೆರಪಿಯ ಪಾಲು ದೊಡ್ಡದೆಂದು ನನ್ನ ವೃತ್ತಿಯ ಅನುಭವ ಹೇಳುತ್ತದೆ. ಅದರ ಶ್ರೇಯಸ್ಸನ್ನು ಬೇರೆಯವರಿಗೆ ಬಿಟ್ಟುಕೊಡಬೇಡಿ.

ರಾಲೀ ಕನ್ನಡಿಗ

ನಾವು ನಾರ್ತ್ ಕ್ಯಾರೊಲೈನಾದಲ್ಲಿ, ಡ್ಯೂಕ್‌ಗೆ ಹತ್ತಿರದಲ್ಲೇ ಇದ್ದೇವೆ. ಮಗಳ ಹೊಕ್ಕುಳಬಳ್ಳಿಯ ರಕ್ತವನ್ನು ಹುಟ್ಟಿದಾಗಲೇ ಸಂಗ್ರಹಿಸಿಟ್ಟಿದ್ದೇವೆ. ಡ್ಯೂಕ್ ಪ್ರಯೋಗದಲ್ಲಿ ಒಂದು ಉಪಗುಂಪಿಗೆ ಪ್ರಯೋಜನವಾಯಿತೆಂದು ಓದಿದ್ದೆ. ಅದರ ಬಗ್ಗೆ ತಿಳಿದವರು ಹೇಳುವಿರಾ? ಬೆಂಗಳೂರಿನಲ್ಲಿರುವ ನನ್ನ ನಾದಿನಿ ಗರ್ಭಿಣಿ. ಮುಂದೆ ಆಟಿಸಂ ಬಂದರೂ ಉಪಯೋಗವಾಗುತ್ತದೆಂದು ಹೇಳಿ, ಹೊಕ್ಕುಳಬಳ್ಳಿಯ ರಕ್ತವನ್ನು ಸಂಗ್ರಹಿಸಿಡುವ ಖಾಸಗಿ ಬ್ಯಾಂಕೊಂದರ ಪ್ರತಿನಿಧಿ ಅವರಿಂದ ದೊಡ್ಡ ಮೊತ್ತ ಕೇಳುತ್ತಿದ್ದಾರೆ.

ಪ್ರತಿಕಾಯ, ಬೆಂಗಳೂರು

ನೀವು ಓದಿದ್ದು ಸರಿಯಾಗಿದೆ. ಬೌದ್ಧಿಕ ನ್ಯೂನತೆ ಇಲ್ಲದ ಮಕ್ಕಳನ್ನಷ್ಟೇ ಪ್ರತ್ಯೇಕವಾಗಿ ನೋಡಿದಾಗ, ಹೊಕ್ಕುಳಬಳ್ಳಿಯ ರಕ್ತ ಪಡೆದವರಲ್ಲಿ ಸಂವಹನ ಮತ್ತು ಗಮನದ ಕೆಲವು ಅಳತೆಗಳು ಉತ್ತಮಗೊಂಡಿದ್ದವು. ಇದು ಮುಂದಿನ ಪ್ರಯೋಗಕ್ಕೆ ಪ್ರಶ್ನೆಯಾಗಬಹುದೇ ಹೊರತು ಚಿಕಿತ್ಸೆಗೆ ಆಧಾರವಾಗಲಾರದು. ಮುಖ್ಯ ಫಲಿತಾಂಶ ವಿಫಲವಾದ ಮೇಲೆ ಹಲವು ಗುಂಪುಗಳನ್ನು ಹಲವು ಅಳತೆಗಳಿಂದ ನೋಡಿದರೆ ಒಂದೆರಡು ಆಕಸ್ಮಿಕವಾಗಿಯೂ ಚೆನ್ನಾಗಿ ಕಾಣುತ್ತವೆ. ನಿಮ್ಮ ಪಾಲಿಗೆ ಇನ್ನೊಂದು ಅಂಶವಿದೆ: ಆ ಉಪಗುಂಪಿನಲ್ಲಿಯೂ ಒಟ್ಟಾರೆ ಸುಧಾರಣೆಯ ಅಳತೆಯಲ್ಲಿ ಹೆಚ್ಚು ಮಕ್ಕಳು ಮುಂದೆ ಬಂದಂತೆ ಕಂಡದ್ದು ದಾನಿಯ ರಕ್ತ ಪಡೆದವರಲ್ಲಿ, ಸ್ವಂತ ರಕ್ತ ಪಡೆದವರಲ್ಲಿ ಅಲ್ಲ. ನೀವು ಸಂಗ್ರಹಿಸಿಟ್ಟಿರುವುದು ಸ್ವಂತದ್ದು.

ಹಾಗಾದರೆ ದಾನಿಯ ಕೋಶವನ್ನೇ ಕೊಡೋಣ ಎನ್ನುವುದೂ ಹಗುರವಾದ ಮಾತಲ್ಲ. ಡ್ಯೂಕ್ ತಂಡವೇ ದಾನಿಗಳ ಹೊಕ್ಕುಳಬಳ್ಳಿಯ ಅಂಗಾಂಶದಿಂದ ಬೆಳೆಸಿದ ಮೀಸೆನ್‌ಕೈಮಲ್ ಕೋಶಗಳನ್ನು 12 ಮಕ್ಕಳಿಗೆ ಕೊಟ್ಟಾಗ ಐವರಲ್ಲಿ ಪರಕೀಯ ಅಂಗಾಂಶದ ಗುರುತುಗಳ ವಿರುದ್ಧ ಹೊಸ ಪ್ರತಿಕಾಯಗಳು ಹುಟ್ಟಿದವು. ಅವು ಆಗ ತೊಂದರೆ ಕೊಡಲಿಲ್ಲ. ಆದರೆ ಮುಂದೆಂದಾದರೂ ಆ ಮಗುವಿಗೆ ಅಂಗಾಂಗ ಕಸಿಯೋ ಪ್ಲೇಟ್‌ಲೆಟ್ಟೋ ಬೇಕಾದಾಗ ಹೊಂದಾಣಿಕೆ ಕಷ್ಟವಾಗಬಹುದು. ರೋಗನಿರೋಧಕ ವ್ಯವಸ್ಥೆಯನ್ನು ಸರಿಪಡಿಸುತ್ತೇವೆಂದು ಕೊಟ್ಟ ಕೋಶಗಳನ್ನು ಆ ವ್ಯವಸ್ಥೆಯೇ ಪರಕೀಯವೆಂದು ಗುರುತಿಸಿ ನೆನಪಿಟ್ಟುಕೊಂಡಿತು.

ನಿಮ್ಮ ನಾದಿನಿಯವರಿಗೆ ನೇರವಾಗಿ ಹೇಳಿ: ಮುಂದೆ ಸ್ವಂತಕ್ಕೆ ಬೇಕಾಗುತ್ತದೆಂದು ಖಾಸಗಿಯಾಗಿ ಸಂಗ್ರಹಿಸಿಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡುವುದಿಲ್ಲ. ಅದಕ್ಕಿಂತ, ಗರ್ಭ ಧರಿಸುವ ಮೊದಲೇ ರುಬೆಲ್ಲಾ ಲಸಿಕೆ ಆಗಿರುವುದು ಈ ಇಡೀ ಚರ್ಚೆಯಲ್ಲಿ ಸಾಬೀತಾಗಿರುವ ರಕ್ಷಣೆ. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಮೊದಲ ಹಂತದಲ್ಲಿ ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಎಂಬುದು ನನಗೆ ಬಹಳ ಸಂತೋಷದ ಸಂಗತಿ.

ಕಡತ, ಧಾರವಾಡ

ನಿಯಮದ ಭಾಗವನ್ನು ನಾನು ಸೇರಿಸುತ್ತೇನೆ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆಯಲ್ಲ. ಉಳಿದದ್ದೆಲ್ಲವೂ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಆಟಿಸಂಗೆ ಸ್ಟೆಮ್ ಸೆಲ್ ಬಳಕೆಯನ್ನು ಶಿಫಾರಸು ಮಾಡಲಾಗದೆಂದೂ, ಅದನ್ನು ನೀಡುವುದು ಮತ್ತು ಅದರ ಜಾಹೀರಾತು ಮಾಡುವುದು ವೃತ್ತಿ ದುರ್ನಡತೆಯೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿ 2022ರ ಡಿಸೆಂಬರ್‌ನಲ್ಲಿ ಹೇಳಿದೆ.

"ನಮ್ಮದು ಟ್ರಯಲ್" ಎಂದು ಯಾರಾದರೂ ಹೇಳಿದರೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆಯನ್ನೂ ನೀತಿ ಸಮಿತಿಯ ಅನುಮೋದನೆಯನ್ನೂ ಲಿಖಿತವಾಗಿ ಕೇಳಿ. ಪ್ರಯೋಗಕ್ಕೆ ಒಳಪಡುವ ವ್ಯಕ್ತಿಯಿಂದ ಚಿಕಿತ್ಸೆಯ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಬಿಲ್ ಕೊಡುವವರು ಅದನ್ನು ಪ್ರಯೋಗವೆನ್ನಲಾಗದು, ಒಪ್ಪಿತ ಚಿಕಿತ್ಸೆಯೆಂದೂ ಹೇಳಲಾಗದು.

ಸುರಕ್ಷತೆಯ ಮಾತಿಗೆ ಬಂದರೆ, ಅಟ್ಯಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಕಾಯಿಲೆಯಿದ್ದ ಇಸ್ರೇಲಿನ ಬಾಲಕನಿಗೆ ಮಾಸ್ಕೋದಲ್ಲಿ ಭ್ರೂಣದ ನರಕೋಶಗಳ ಚಿಕಿತ್ಸೆ ನೀಡಲಾಗಿತ್ತು; ಕೆಲವು ವರ್ಷಗಳ ಬಳಿಕ ಮೆದುಳು ಮತ್ತು ಬೆನ್ನುಹುರಿಯಲ್ಲಿ ದಾನಿಯ ಕೋಶಗಳಿಂದಲೇ ಗೆಡ್ಡೆ ಬೆಳೆದದ್ದು 2009ರಲ್ಲಿ ವರದಿಯಾಯಿತು. ಅದು ಬೇರೆ ಕಾಯಿಲೆ, ಬೇರೆ ಬಗೆಯ ಕೋಶ. ಆದ್ದರಿಂದ ಅದನ್ನು ಈ ಚಿಕಿತ್ಸೆಗೆ ನೇರವಾಗಿ ಹೋಲಿಸುವುದಿಲ್ಲ. ಆದರೆ ಚುಚ್ಚಿದ ಕೋಶವನ್ನು ಮಾತ್ರೆಯಂತೆ ನಿಲ್ಲಿಸಲಾಗುವುದಿಲ್ಲ ಎಂಬುದು ಎರಡಕ್ಕೂ ಸಲ್ಲುತ್ತದೆ.

ಹರಿಹರದ ತಂದೆ

ಇಷ್ಟು ಶ್ರಮವಹಿಸಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಗದ್ದೆಯ ಮಾತು ಸದ್ಯಕ್ಕೆ ನಿಂತಿದೆ. ಎರಡು ಸಂಶಯಗಳು ಉಳಿದಿವೆ. ಶಿಬಿರದಲ್ಲಿ ಮಗನ ರಕ್ತ ಪರೀಕ್ಷಿಸಿ ಸೈಟೊಕೈನ್‌ಗಳು (ರೋಗನಿರೋಧಕ ವ್ಯವಸ್ಥೆಯ ಸಂದೇಶವಾಹಕಗಳು) ಹೆಚ್ಚಾಗಿವೆಯೆಂಬ ವರದಿ ಕೊಟ್ಟಿದ್ದಾರೆ. ಬೇರೊಬ್ಬ ಮಗುವಿನ ಮೆದುಳಿನ ಪೆಟ್ ಸ್ಕ್ಯಾನ್ ತೋರಿಸಿ, ಚಿಕಿತ್ಸೆಗೆ ಮೊದಲು ನೀಲಿಯಾಗಿದ್ದ ಭಾಗ ಆಮೇಲೆ ಹಸಿರಾಗಿದೆ ಎಂದಿದ್ದರು. ಇವಕ್ಕೆ ಬೆಲೆಯಿದೆಯೇ? ಮತ್ತು ಈ ಹಣದ ಒಂದು ಭಾಗವನ್ನಾದರೂ ಮಗನಿಗಾಗಿ ಖರ್ಚು ಮಾಡಬೇಕೆಂದಿದ್ದೇವೆ. ಯಾವುದಕ್ಕೆ ಮಾಡಿದರೆ ಒಳ್ಳೆಯದು?

ಪ್ರತಿಕಾಯ, ಬೆಂಗಳೂರು

ರಕ್ತದ ಸೈಟೊಕೈನ್‌ಗಳು ನೆಗಡಿ, ನಿದ್ದೆಗೇಡು, ಹಲ್ಲಿನ ಸೋಂಕು ಮುಂತಾದ ಎಷ್ಟೋ ಕಾರಣಗಳಿಂದ ಏರಿಳಿಯುತ್ತವೆ. ರಕ್ತದಲ್ಲಿ ಕಂಡದ್ದು ಮೆದುಳಿನ ಒಳಗಿನ ಸ್ಥಿತಿಯನ್ನು ಹೇಳುವುದಿಲ್ಲ, ಆಟಿಸಂ ಇದೆಯೇ ಇಲ್ಲವೇ ಎಂದೂ ಯಾವ ಚಿಕಿತ್ಸೆ ಬೇಕೆಂದೂ ತೀರ್ಮಾನಿಸುವುದಿಲ್ಲ. ಆ ವರದಿಯನ್ನು ನಿಮ್ಮ ಮಕ್ಕಳ ತಜ್ಞರಿಗೆ ತೋರಿಸಿ. ಅದರ ಆಧಾರದ ಮೇಲೆ ಏನನ್ನೂ ಕೊಳ್ಳಬೇಡಿ. ಪೆಟ್ ಸ್ಕ್ಯಾನ್‌ನ ಬಣ್ಣಗಳು ಯಂತ್ರದಲ್ಲಿ ನಾವು ನಿಗದಿ ಮಾಡುವ ಮಾಪಕವನ್ನು ಅವಲಂಬಿಸಿವೆ. ಅರಿವಳಿಕೆಯ ಪ್ರಮಾಣ, ಮಗುವಿನ ವಯಸ್ಸು, ಸ್ಕ್ಯಾನ್ ಸಮಯದ ಸ್ಥಿತಿ ಎಲ್ಲವೂ ಚಿತ್ರವನ್ನು ಬದಲಿಸುತ್ತವೆ. ಅದಕ್ಕಾಗಿ ವಿಕಿರಣವನ್ನೂ ಮಗುವಿನ ದೇಹ ತಾಳಿಕೊಳ್ಳಬೇಕು.

ವಾಕ್ಪಥ, ಮೈಸೂರು

ಹಣದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೊದಲು ನಿದ್ದೆ, ಮಲಬದ್ಧತೆ, ಹಲ್ಲುನೋವು, ಕಿವಿ ಮತ್ತು ಫಿಟ್ಸ್ ತೊಂದರೆಗಳಿವೆಯೇ ಎಂದು ಮಕ್ಕಳ ತಜ್ಞರಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ. ಮಾತು ಬಾರದ ಮಗು ನೋವನ್ನು ಹಟವಾಗಿ ತೋರಿಸುತ್ತದೆ, ಅದು ಹಲವೊಮ್ಮೆ ಸಾಮಾನ್ಯ ಔಷಧದಿಂದಲೇ ಸರಿಹೋಗುತ್ತದೆ. ಆಮೇಲೆ ನಿಮಗೂ ನಿಮ್ಮ ಪತ್ನಿಯವರಿಗೂ ಪೋಷಕರ ತರಬೇತಿ. ಗೋವಾ ಮತ್ತು ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳೊಂದಿಗೆ ನಡೆದ ಪ್ರಯೋಗದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ಕಲಿಸಿದಾಗ ಪೋಷಕರು ಮಗುವಿಗೆ ಸ್ಪಂದಿಸುವ ರೀತಿಯೂ, ಮಗು ತಾನಾಗಿ ಸಂವಹನ ಆರಂಭಿಸುವುದೂ ಸುಧಾರಿಸಿದವು. ಅಲ್ಲಿ ಹೋಲಿಕೆಯ ಗುಂಪು ಇತ್ತು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಭಾಷಾ ಮೌಲ್ಯಮಾಪನವನ್ನೂ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗದಲ್ಲಿ ಪೂರ್ಣ ಪರಿಶೀಲನೆಯನ್ನೂ ಕಡಿಮೆ ಖರ್ಚಿನಲ್ಲಿ ಮಾಡಿಸಬಹುದು. ಅಂಗವೈಕಲ್ಯದ ಗುರುತಿನ ಚೀಟಿ ಮಾಡಿಸಿದ್ದರೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಗೆ ಅರ್ಜಿ ಹಾಕಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಒಂದು ಪಾಲು ಇದೆ. ಎರಡು ಪದ ಜೋಡಿಸುವ ಹಂತದಲ್ಲಿರುವ ಮಗನಿಗೆ ಮನೆಯಲ್ಲಿ ಏನೇನು ಮಾಡಬಹುದೆಂಬುದನ್ನು ಬೇರೆಯೇ ಚರ್ಚೆಯಾಗಿ ಈ ವಾರ ಆರಂಭಿಸುತ್ತೇನೆ. ಅವನು ಈಗ ಬಳಸುವ ಪದಗಳ ಪಟ್ಟಿಯನ್ನು ಅಲ್ಲಿ ಹಾಕಿ. ಸಾಗರದ ಅಮ್ಮನವರೂ ಅಲ್ಲಿಗೆ ಬಂದು, ಮಗಳಿಗೆ ಹೆಸರು ಕರೆದಾಗ ತಿರುಗುವುದನ್ನು ಹೇಗೆ ಕಲಿಸಿದಿರೆಂದು ಬರೆದರೆ ಬಹಳ ಮನೆಗಳಿಗೆ ಉಪಕಾರವಾಗುತ್ತದೆ.